ಕೆಮ್ಮದ ಗಂಟಲು

ಆ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ಬೇರೆ, ಗಂಡಸರ ವಾರ್ಡು ಬೇರೆ. ಆದರೆ ಊಟದ ಹೊತ್ತಿಗೆ ಎರಡಕ್ಕೂ ತಾಯಿ ಒಬ್ಬಳೇ. ಅವಳನ್ನು ಎಲ್ಲರೂ ತುತ್ತಕ್ಕ ಎಂದು ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳು ತಿರುಗಿ ನೋಡುವ ಮೊದಲು ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಅವಳದು ಆಯಾ ಕೆಲಸ. ಹಾಸಿಗೆ ಬದಲಿಸುವುದು, ಮಲದ ಪಾತ್ರೆ ತೊಳೆಯುವುದು, ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವುದು. ಉಣಿಸುವ ಕೆಲಸವನ್ನು ಅವಳಿಗೆ ಯಾರೂ ವಹಿಸಿದ್ದಲ್ಲ. ನಲ್ಲಿಯ ಹತ್ತಿರ ನಿಂತವಳ ಮುಂದೆ ಎಲ್ಲರ ಪಾತ್ರೆಯೂ ಬಂದು ಬೀಳುತ್ತದಲ್ಲ, ಹಾಗೆ ಬಂದು ಬಿದ್ದಿತ್ತು. ಕೈ ನಡುಗುವವರು, ಹಲ್ಲಿಲ್ಲದವರು, ಅರ್ಧ ಬಾಯಿ ಸತ್ತವರು, ಅನ್ನ ಕಂಡರೆ ಮುಖ ತಿರುಗಿಸುವವರು, ಎಲ್ಲರೂ ಅವಳ ಪಾಲು. ಹೀಗೆ ಇಪ್ಪತ್ತಾರು ವರ್ಷ.

ಉಣಿಸುವುದಕ್ಕೆ ಅವಳದೇ ಒಂದು ಕ್ರಮವಿತ್ತು. ಮೊದಲು ಸ್ಟೂಲು ಎಳೆದುಕೊಂಡು ಕೂರುವಳು. ನಿಂತು ಉಣಿಸುವವಳು ಉಣಿಸುವುದಿಲ್ಲ, ಚೀಲಕ್ಕೆ ತುಂಬಿದ ಹಾಗೆ ತುಂಬುತ್ತಾಳೆ ಎಂಬುದು ಅವಳ ಮಾತು. ದಿಂಬು ಕೊಟ್ಟು ರೋಗಿಯನ್ನು ನೆಟ್ಟಗೆ ಕೂರಿಸಿ, ಗಲ್ಲವನ್ನು ಚೂರು ಕೆಳಗೆ ಬಾಗಿಸುವಳು. ಚಮಚದ ತುದಿಯಲ್ಲಿ ಅರ್ಧದಷ್ಟೇ ಅನ್ನ. ಅದು ಬಾಯಿಗೆ ಹೋದ ಮೇಲೆ ಎಡಗೈಯ ಮೂರು ಬೆರಳು ಅವರ ಗಂಟಲ ಮೇಲೆ. ಮೊದಲ ಬೆರಳಿಗೆ ನಾಲಿಗೆಯ ಬುಡ ಒದ್ದುಕೊಂಡದ್ದು ತಿಳಿಯುತ್ತಿತ್ತು. ಆಮೇಲೆ ಗಂಟಲಮಣಿ ಬಾವಿಯ ಕೊಡದ ಹಾಗೆ ಮೇಲೆದ್ದು, ಒಂದು ಚಣ ನಿಂತು, ಕೆಳಗಿಳಿಯುತ್ತಿತ್ತು. ಇಳಿದ ಮೇಲೆ ಬರಿಬಾಯಲ್ಲಿ ಇನ್ನೊಂದು ಸಲ ನುಂಗಿಸುವಳು. ಬಳಿಕ ‘ಆ’ ಅನ್ನಿಸುವಳು. ದನಿಯಲ್ಲಿ ನೀರು ತುಂಬಿದ ಹಾಗೆ ಕೇಳಿಸಿದರೆ ಕಾಯುವಳು. ಒಬ್ಬರಿಗೆ ಒಂದು ಬಟ್ಟಲು ಅನ್ನ ಉಣಿಸಲು ಮುಕ್ಕಾಲು ಗಂಟೆ ಹಿಡಿದರೂ ಅವಳ ಹುಬ್ಬು ಗಂಟಿಕ್ಕುತ್ತಿರಲಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರನ್ನು ದೊಡ್ಡ ಸಿಸ್ಟರ್ ಮೊದಲ ವಾರವೇ ಅವಳ ಬಳಿಗೆ ಅಟ್ಟುತ್ತಿದ್ದರು. “ಪುಸ್ತಕ ಓದಿದ್ದೀರಿ, ಸಂತೋಷ. ಈಗ ಹೋಗಿ ಅವಳ ಬೆರಳು ನೋಡಿ. ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ ಮಾಡ್ಬೇಡಿ.”

ಹುಡುಗಿಯರು ಸುತ್ತ ನಿಂತರೆ ತುತ್ತಕ್ಕನಿಗೆ ನಾಚಿಕೆ. ಆದರೂ ಹೇಳುವಳು: “ನೋಡ್ರಮ್ಮಾ, ಕೆಮ್ಮು ಅನ್ನೋದು ಬಾಗಿಲು ಕಾಯೋನಿದ್ದ ಹಾಗೆ. ಅನ್ನ ತಪ್ಪಿ ಉಸಿರಿನ ದಾರಿಗೆ ಕಾಲಿಟ್ರೆ ಅವನು ಕೂಗ್ತಾನೆ. ಅವನು ಕೂಗಿದ್ರೆ ನಿಲ್ಲಿಸ್ಬೇಕು. ಸುಮ್ಮನಿದ್ರೆ ಧೈರ್ಯವಾಗಿ ಉಣಿಸಿ.”

ಅವಳ ಗಂಡ ಕ್ಷೌರಿಕ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಯ ಅಂಗಡಿ. ಮೊದಲ ಕುರ್ಚಿ ಅವನದು. ಎರಡನೆಯದಕ್ಕೆ ಒಬ್ಬ ಜೊತೆಗಾರನಿದ್ದ, ಅವನನ್ನು ಬೀದಿಯವರೆಲ್ಲ ಎರಡನೇ ಕುರ್ಚಿ ಎಂದೇ ಕರೆಯುತ್ತಿದ್ದರು. ಗಂಡ ಮಾತಿನ ಮಲ್ಲ. ಕತ್ತರಿಗಿಂತ ಅವನ ನಾಲಿಗೆ ಚುರುಕು, ಕೂದಲಿಗಿಂತ ಹೆಚ್ಚು ಮಾತೇ ನೆಲಕ್ಕೆ ಬೀಳುತ್ತದೆ ಎಂದು ಗಿರಾಕಿಗಳು ಅಣಕಿಸುತ್ತಿದ್ದರು.

ಅವರಿಬ್ಬರ ಮದುವೆ ಆದ ಬಗೆಯನ್ನು ಅವನು ನೂರು ಸಲ ಹೇಳಿದ್ದ. ಆಗ ಅವನು ಆಪರೇಷನ್ ಆಗುವವರಿಗೆ ಕ್ಷೌರ ಮಾಡಲು ಆಸ್ಪತ್ರೆಗೆ ಹೋಗುತ್ತಿದ್ದ. ಒಂದು ದಿನ ಒಬ್ಬ ಮುದುಕನ ಗಂಟಲ ಮೇಲೆ ಕತ್ತಿ ಇಟ್ಟಿದ್ದಾನೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಇವಳು ಮುದುಕನ ತಲೆ ಹಿಡಿದುಕೊಂಡಿದ್ದಾಳೆ. ಮುದುಕನ ಬಾಯಲ್ಲಿ ಅವಳೇ ಹಾಕಿದ ಗುಳಿಗೆ.

“ನುಂಗ್ಬೇಡಿ ತಾತ, ಕತ್ತಿ ಇದೆ” ಎಂದ ಅವನು.

“ನುಂಗಿ ತಾತ, ಗುಳಿಗೆ ಇದೆ” ಎಂದಳು ಇವಳು.

ಮುದುಕ ಕಣ್ಣು ಬಿಟ್ಟು ಇಬ್ಬರನ್ನೂ ನೋಡಿದ. “ಮೊದಲು ನೀವಿಬ್ರೂ ಒಂದು ತೀರ್ಮಾನಕ್ಕೆ ಬನ್ನಿ. ಆಮೇಲೆ ನಾನು ನುಂಗೋದು ಬಿಡೋದು ನೋಡ್ಕೋತೀನಿ.”

ಆ ತೀರ್ಮಾನಕ್ಕೆ ಬರಲು ಅವರಿಗೆ ಎಂಟು ತಿಂಗಳು ಬೇಕಾಯಿತು. ಆಮೇಲೆ ಇಪ್ಪತ್ತೈದು ವರ್ಷದ ಸಂಸಾರ, ಒಬ್ಬ ಮಗಳು. ಅವನು ಊಟಕ್ಕೆ ಕೂತರೆ ಬಾಯಲ್ಲಿ ತುತ್ತು ಇಟ್ಟುಕೊಂಡೇ ಅಂಗಡಿಯ ಕತೆ ಶುರುಮಾಡುತ್ತಿದ್ದ.

“ಬಾಯಿ ಮುಚ್ಕೊಂಡು ತಿನ್ನಿ” ಎಂದು ಅವಳು ಗದರುವಳು. “ನೆತ್ತಿಗೆ ಹತ್ತುತ್ತೆ.”

“ಬಾಯಿ ಮುಚ್ಕೊಂಡು ತಿನ್ನೋದು ಹೇಗೆ ಅಂತ ಮೊದಲು ನೀನು ತೋರಿಸ್ಕೊಡು, ಕಲೀತೀನಿ.”

ತಿನ್ನುವುದೆಂದರೆ ಅವನಿಗೆ ಹಬ್ಬ. ನಿನ್ನೆ ಉಳಿದದ್ದಾದರೂ ಸರಿ, ತಟ್ಟೆಯ ಮುಂದೆ ಕೂತಾಗ ಅವನ ಮುಖ ಅರಳುತ್ತಿತ್ತು. ದಿನವಿಡೀ ತುತ್ತಿಗೆ ಮುಖ ಸಿಂಡರಿಸುವವರನ್ನೇ ನೋಡಿ ಬಂದ ಅವಳಿಗೆ, ರಾತ್ರಿ ಮನೆಯಲ್ಲಿ ಇವನು ಚಪ್ಪರಿಸಿ ತಿನ್ನುವುದನ್ನು ಕಂಡರೆ ಕಾಲು ನೋವು ಇಳಿದುಹೋದ ಹಾಗಾಗುತ್ತಿತ್ತು. ಅದನ್ನು ಅವನಿಗೆ ಅವಳು ಹೇಳಿದ್ದಿಲ್ಲ. ಹೇಳಿದರೆ ಇನ್ನೊಂದು ಸೌಟು ಹಾಕು ಎಂದಾನು.

ಒಂದು ಬೆಳಿಗ್ಗೆ ಗಿರಾಕಿಯ ಒಂದು ಕೆನ್ನೆ ಆಗಿ ಇನ್ನೊಂದು ಕೆನ್ನೆಯಲ್ಲಿ ನೊರೆ ಇರುವಾಗಲೇ ಅವನ ಕೈಯಿಂದ ಕತ್ತಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ಅಲ್ಲೇ ಕುಸಿದ. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಎರಡನೇ ಕುರ್ಚಿ ಅವನನ್ನು ಆಟೋದಲ್ಲಿ ಹಾಕಿಕೊಂಡು ನೇರ ಅವಳ ಆಸ್ಪತ್ರೆಗೇ ತಂದ. ಲಕ್ವ ಹೊಡೆದಿದೆ ಎಂದರು. ಬಲಗೈ, ಬಲಗಾಲು ಹೋದವು. ಮಾತು ಕಲಸಿದ ಹಿಟ್ಟಿನಂತಾಯಿತು. ಗಂಡಸರ ವಾರ್ಡಿನ ಒಂಬತ್ತನೇ ಮಂಚ ಸಿಕ್ಕಿತು. ಎಷ್ಟೋ ಜನರಿಗೆ ಉಣಿಸಲು ಅವಳು ಆ ಮಂಚದ ಪಕ್ಕಕ್ಕೆ ಸ್ಟೂಲು ಎಳೆದಿದ್ದಳು.

ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಕೆ ಹಾಕಿದರು. ಮೂರನೇ ದಿನ ಗಂಟಲ ಮೇಡಂ ಬಂದರು. ಮಾತು ಹೋದವರಿಗೆ ಮಾತು ಕಲಿಸುವ, ನುಂಗಲಾರದವರ ಗಂಟಲು ಪರೀಕ್ಷಿಸುವ ಈ ಮೇಡಂ ಆಸ್ಪತ್ರೆಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಕನ್ನಡಕದ ಚಿಕ್ಕ ಹೆಣ್ಣು, ತುತ್ತಕ್ಕನ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ಬಾಯಲ್ಲಿ ಟಾರ್ಚು ಬಿಟ್ಟು ನೋಡಿದರು. ಒಂದು ಚಮಚ ನೀರು ಕೊಟ್ಟು ಗಂಟಲಿಗೆ ಕೊಳವೆ ಒತ್ತಿ ಕಿವಿಗೊಟ್ಟರು. ಆಮೇಲೆ ಮಂಚದ ತಲೆಯ ಮೇಲೆ ಒಂದು ರಟ್ಟು ತೂಗುಹಾಕಿಸಿದರು: ಬಾಯಿಂದ ಏನೂ ಕೊಡಕೂಡದು.

“ಅಮ್ಮಾ, ನಿಮಗೆ ನಾನು ಹೇಳ್ಬೇಕಾ?” ಎಂದರು ಮೇಡಂ, ಮೆಲ್ಲಗೆ. “ಗಂಟಲಲ್ಲಿ ಎರಡು ದಾರಿ. ಮುಂದಿನದು ಉಸಿರಿಗೆ, ಹಿಂದಿನದು ಅನ್ನಕ್ಕೆ. ಅನ್ನ ಬಂದ ಕೂಡಲೇ ಉಸಿರು ಒಂದು ಚಣ ನಿಲ್ಲುತ್ತೆ, ಗಂಟಲಮಣಿ ಮೇಲೆದ್ದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ, ಅನ್ನ ಅದರ ಮೇಲಿಂದ ಜಾರಿ ಹಿಂದಿನ ದಾರಿಗೆ ಹೋಗುತ್ತೆ. ನಾವು ದಿನಕ್ಕೆ ನೂರಾರು ಸಲ ಹಾಗೆ ನುಂಗ್ತೀವಿ, ನಿದ್ದೇಲೂ ನುಂಗ್ತೀವಿ, ಗೊತ್ತೇ ಆಗಲ್ಲ. ಇವರಿಗೆ ಆ ಮುಚ್ಚೋದು ತಡವಾಗ್ತಿದೆ ಅಂತ ನನಗೆ ಅನುಮಾನ. ನುಂಗೋದನ್ನ ಎಕ್ಸ್‌ರೇಲಿ ನೋಡೋ ಒಂದು ಪರೀಕ್ಷೆ ಇದೆ. ನಮ್ಮ ಸರದಿ ಬರೋಕೆ ಒಂದು ತಿಂಗಳು. ಅಲ್ಲಿವರೆಗೂ ಒಂದು ತೊಟ್ಟು ನೀರೂ ಬೇಡ.”

“ಆಯ್ತು ಮೇಡಂ” ಎಂದಳು ತುತ್ತಕ್ಕ.

ಊರಿಗೆಲ್ಲ ಉಣಿಸಿದ ಕೈ. ತನ್ನ ಗಂಡನ ತಲೆಯ ಮೇಲೇ ಇಂಥ ರಟ್ಟು. ಪಕ್ಕದ ಮಂಚದವನ ಬಾಯಿಗೆ ಅವಳು ಚಮಚ ಹಿಡಿದಾಗ ಗಂಡನ ಕಣ್ಣು ಆ ಚಮಚದ ಹಿಂದೆಯೇ ಹೋಗಿ ಬರುತ್ತಿತ್ತು. ಅವಳು ಸ್ಟೂಲನ್ನು ಅವನಿಗೆ ಬೆನ್ನಾಗುವ ಹಾಗೆ ತಿರುಗಿಸಿಕೊಂಡಳು.

ಹನ್ನೆರಡು ದಿನಕ್ಕೆ ನಳಿಕೆಯೊಂದಿಗೇ ಮನೆಗೆ ಕಳಿಸಿದರು. ಅವಳು ರಜೆ ಹಾಕಿದಳು. ಎರಡೂವರೆ ಗಂಟೆಗೊಮ್ಮೆ ನಳಿಕೆಯ ಬಾಯಿಗೆ ಲಾಳಿಕೆ ಸಿಕ್ಕಿಸಿ, ಸೋಸಿದ ಗಂಜಿ, ಹಾಲು, ಬೇಯಿಸಿ ಅರೆದ ತರಕಾರಿಯ ನೀರು ಹುಯ್ಯುವಳು. ಹೊಟ್ಟೆ ತುಂಬುತ್ತಿತ್ತು. ಬಾಯಿ ಉಪವಾಸ. ಒಗ್ಗರಣೆಯ ವಾಸನೆ ಬಂದರೆ ಅವನು ಗೋಡೆಯ ಕಡೆ ಹೊರಳುವನು. ಒಮ್ಮೊಮ್ಮೆ ಎಡಗೈಯಲ್ಲಿ ಬಾಯಿ ತೋರಿಸಿ, ಆಮೇಲೆ ಅವಳನ್ನು ತೋರಿಸುವನು. ನೀನು ಕೊಟ್ಟರೆ ಆಗುತ್ತದೆ ಎಂದು ಅದರ ಅರ್ಥ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ತಿಳಿಯದೆ?

ಭಾನುವಾರ ಎರಡನೇ ಕುರ್ಚಿ ಪೆಟ್ಟಿಗೆ ಹಿಡಿದು ಬಂದ. ಮೂಗಿನ ನಳಿಕೆ ಅಲುಗದ ಹಾಗೆ ಸೋಪು ಹಚ್ಚಿ, ಗಲ್ಲ ಎತ್ತಿ, ರೂಢಿಯ ಮೇಲೆ, “ಅಣ್ಣಾ, ನುಂಗ್ಬೇಡಿ” ಎಂದುಬಿಟ್ಟ. ಎಂದವನೇ ನಾಲಿಗೆ ಕಚ್ಚಿಕೊಂಡ. ಮಲಗಿದ್ದವನ ಅರ್ಧ ಬಾಯಿ ನಕ್ಕಿತು. ಎರಡನೇ ಕುರ್ಚಿಯ ಕಣ್ಣಲ್ಲಿ ನೀರು ಬಂತು. ಕ್ಷೌರ ಮುಗಿಸಿ, ಅವಳು ಕೊಟ್ಟ ಚಹಾ ಲೋಟ ಹಿಡಿದು ಹೊಸಿಲಲ್ಲೇ ನಿಂತ.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಅಣ್ಣ ದಿನಕ್ಕೆ ಎಂಟು ಚಹಾ ಕುಡಿತಿದ್ದ ಜೀವ. ನೀವು ಊರಿನೋರಿಗೆಲ್ಲ ಉಣಿಸ್ತೀರಿ. ನಮ್ಮಣ್ಣನಿಗೆ ಒಂದು ಚಮಚ ಇಲ್ವಾ?”

“ಮೇಡಂ ಬೇಡ ಅಂದಿದಾರಪ್ಪ.”

“ಮೇಡಂ ಎಷ್ಟು ಜನಕ್ಕೆ ಉಣಿಸಿದಾರೆ?”

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಅವಳೊಳಗೆ ಆಗಲೇ ಇತ್ತು. ಅವನು ಅದಕ್ಕೆ ಬಾಯಿ ಕೊಟ್ಟ, ಅಷ್ಟೆ.

ಮಾರನೆಯ ದಿನ ಬೆಳಿಗ್ಗೆ ಅವಳು ಸ್ವಲ್ಪ ಚಹಾಕ್ಕೆ ಅಕ್ಕಿಹಿಟ್ಟು ಬೆರೆಸಿ ಗಂಜಿಯಷ್ಟು ಗಟ್ಟಿ ಮಾಡಿ ಆರಿಸಿದಳು. ಗಂಡನನ್ನು ನೆಟ್ಟಗೆ ಕೂರಿಸಿದಳು. ಗಲ್ಲ ಬಾಗಿಸಿದಳು. ಚಮಚದ ತುದಿಯಲ್ಲಿ ಅರ್ಧ. ಮೂರು ಬೆರಳು ಗಂಟಲಿಗೆ. ಗಂಟಲಮಣಿ ಎದ್ದಿತು. ತಡವಾಗಿ, ಮೈಗಳ್ಳನ ಹಾಗೆ ಎದ್ದಿತು, ಆದರೂ ಎದ್ದಿತು, ಇಳಿಯಿತು. ಅವಳು ಕಾದಳು. ಕೆಮ್ಮಲಿಲ್ಲ. ‘ಆ’ ಅನ್ನಿಸಿದಳು. ದನಿಯಲ್ಲಿ ನೀರಿತ್ತು. ಆದರೆ ಲಕ್ವ ಹೊಡೆದ ದಿನದಿಂದ ಅವನ ದನಿ ಇದ್ದದ್ದೇ ಹಾಗೆ, ಅದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಎರಡನೇ ಚಮಚ. ಕೆಮ್ಮಲಿಲ್ಲ. ಮೂರನೆಯದು.

ಅವನ ಕಣ್ಣಿಂದ ನೀರು ಇಳಿದು, ಕ್ಷೌರ ಮಾಡಿದ ನುಣುಪು ಕೆನ್ನೆಯ ಮೇಲೆ ಹರಿಯಿತು.

ಒಂಬತ್ತು ದಿನ ಹಾಗೆ ನಡೆಯಿತು. ಮೊದಲು ಚಹಾ, ಆಮೇಲೆ ಕಿವುಚಿದ ಬಾಳೆಹಣ್ಣು, ಆಮೇಲೆ ಬೆಣ್ಣೆಯಂತೆ ಬೇಯಿಸಿದ ಅನ್ನ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟು ಹತ್ತು ಚಮಚ. ಒಂದು ಸಲವೂ ಅವನು ಕೆಮ್ಮಲಿಲ್ಲ. ಗೋಡೆಯ ಕಡೆ ಹೊರಳುವುದು ನಿಂತಿತು. ಐದನೇ ದಿನ ಅವಳು ಬಟ್ಟಲು ಎತ್ತಿಡಲು ಹೋದಾಗ ಎಡಗೈಯಿಂದ ಅವಳ ಸೆರಗು ಹಿಡಿದು, “ಇ…ನ್ನೂ” ಎಂದ. ಲಕ್ವ ಹೊಡೆದ ಮೇಲೆ ಅವಳಿಗೆ ಸ್ಪಷ್ಟವಾಗಿ ಕೇಳಿಸಿದ ಮೊದಲ ಮಾತು ಅದು. ಅವಳು ಒಳಗೆ ಹೋಗಿ ನೀರಿನ ಕೊಡ ಹಿಡಿದುಕೊಂಡು ಅತ್ತಳು. ಅತ್ತು ಬಂದು ಇನ್ನೆರಡು ಚಮಚ ಕೊಟ್ಟಳು.

ಮಗಳು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೆಲಸಕ್ಕಿದ್ದಳು. ಎಂಟನೇ ದಿನ ಕೆಲಸ ಮುಗಿಸಿ ಬಂದವಳು ಬಟ್ಟಲು ನೋಡಿ ಬಾಗಿಲಲ್ಲೇ ನಿಂತಳು.

“ಅಮ್ಮಾ! ಬಾಯಿಂದ ಕೊಡ್ತಿದ್ದೀಯಾ? ಅವರು ಬೇಡ ಅಂದಿದ್ರಲ್ಲ!”

“ಒಂದು ಸಲ ಕೆಮ್ಮಿದಾರಾ ಕೇಳು ನಿಮ್ಮಪ್ಪನ್ನ.”

“ಪರೀಕ್ಷೆಗೆ ಇನ್ನು ಎರಡು ವಾರ ತಾನೇ? ತಡ್ಕೊಳ್ಳೋಕಾಗಲ್ವಾ?”

“ಹಸಿದೋನು ತಡ್ಕೋಬೇಕು, ಉಂಡೋಳು ಹೇಳ್ತೀಯ. ನೀನು ಹುಟ್ಟಿದಾಗಿಂದ ನಾನು ಗಂಟಲು ನೋಡ್ತಿದ್ದೀನಿ ಕಣೇ. ನನಗೆ ಕಲಿಸ್ಬೇಡ.”

ಮಗಳು ಅಪ್ಪನನ್ನು ನೋಡಿದಳು. ಅಪ್ಪ ಎಡಗೈ ಎತ್ತಿ, ಸುಮ್ಮನಿರು, ಹಾಳುಮಾಡಬೇಡ ಎಂಬಂತೆ ಸನ್ನೆ ಮಾಡಿದ. ಅವಳು ಚೀಲ ಇಟ್ಟು ಒಳಗೆ ಹೋದಳು.

ಹತ್ತನೇ ದಿನ ಸಂಜೆ ಅವನ ಮೈ ಕಾಯಿತು. ಸ್ನಾನದ ನೀರು ಆರಿಹೋಗಿತ್ತೇನೋ, ಶೀತ ಎಂದುಕೊಂಡಳು. ಮಾರನೆಯ ದಿನ ಉಸಿರು ಗರಗಸ ಎಳೆದ ಹಾಗೆ ಕೇಳಿಸಿತು. ಉಗುರು ನೀಲಿಗಟ್ಟಿತ್ತು. ಆಸ್ಪತ್ರೆಯಲ್ಲಿ ಎದೆಯ ಫೋಟೊ ತೆಗೆದು, ಬಲಗಡೆ ಕೆಳಗೆ ಶ್ವಾಸಕೋಶದಲ್ಲಿ ಕೀವು ಕಟ್ಟಿದೆ ಎಂದರು. ಆರು ದಿನ ಆಮ್ಲಜನಕ, ಸೂಜಿಮದ್ದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಏಳನೇ ದಿನ ಅವನು ಚೇತರಿಸಿಕೊಂಡಾಗ ಗಂಟಲ ಮೇಡಂ ಯಾರು ಯಾರನ್ನೋ ಕೇಳಿಕೊಂಡು ಪರೀಕ್ಷೆಯ ಸರದಿ ಬೇಗ ಬರುವ ಹಾಗೆ ಮಾಡಿದ್ದರು.

ಎಕ್ಸ್‌ರೇ ಕೋಣೆಯಲ್ಲಿ ಬೆಳಕು ಕಮ್ಮಿ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದರು. ಸುಣ್ಣದ ನೀರಿನ ಹಾಗಿದ್ದ ಬಿಳಿ ಔಷಧವನ್ನು ಚಮಚದಲ್ಲಿ ತೆಗೆದುಕೊಂಡು, ಮೇಡಂ ತುತ್ತಕ್ಕನನ್ನು ಗಾಜಿನ ಈಚೆ ಪರದೆಯ ಮುಂದೆ ನಿಲ್ಲಿಸಿದರು. “ನೀವೂ ನೋಡಿ ಅಮ್ಮಾ. ಬೇರೆಯೋರಿಗೆ ನಾನು ಬಿಡಿಸಿ ಹೇಳ್ಬೇಕು. ನಿಮಗೆ ನೋಡಿದ್ರೆ ತಿಳಿಯುತ್ತೆ.”

ಪರದೆಯ ಮೇಲೆ ಗಂಡನ ದವಡೆ, ಹಲ್ಲು, ಕತ್ತಿನ ಮೂಳೆ, ಎಲ್ಲ ನೆರಳಾಗಿ ಕಂಡವು. ಬಿಳಿ ಔಷಧ ಅಲ್ಲಿ ಕಪ್ಪಾಗಿ ಕಾಣುತ್ತಿತ್ತು. ನಾಲಿಗೆ ಅದನ್ನು ಹಿಂದಕ್ಕೆ ನೂಕಿತು. ಇಪ್ಪತ್ತಾರು ವರ್ಷ ಬೆರಳಿನಿಂದ ಮುಟ್ಟಿ ತಿಳಿದದ್ದನ್ನು ಅವಳು ಮೊದಲ ಸಲ ಕಣ್ಣಿನಿಂದ ನೋಡಿದಳು. ಗಂಟಲಮಣಿ ಏಳಬೇಕು, ಈಗ ಏಳಬೇಕು. ಏಳಲಿಲ್ಲ. ಕಪ್ಪು ಗೆರೆ ಹಿಂದಿನ ದಾರಿಗೂ ಹೋಯಿತು, ಮುಂದಿನ ದಾರಿಗೂ ಇಳಿಯಿತು. ಮುಂದಿನ ದಾರಿಯಲ್ಲಿ ತೆಳ್ಳಗೆ, ನೂಲಿನ ಹಾಗೆ, ಕೆಳಗೆ ಎದೆಯ ಕಡೆಗೆ. ಅದು ಇಳಿದಾದ ಮೇಲೆ ಗಂಟಲಮಣಿ ಎದ್ದಿತು, ಇಳಿಯಿತು.

ಅವಳು ಗಾಜಿನಾಚೆ ಗಂಡನ ಮುಖ ನೋಡಿದಳು. ಅವನು ತಣ್ಣಗೆ ಕೂತಿದ್ದ. ಕೆಮ್ಮಲಿಲ್ಲ. ಕಣ್ಣು ಕೂಡ ಮಿಟುಕಿಸಲಿಲ್ಲ. ಇನ್ನೊಂದು ಚಮಚಕ್ಕೆ ಬಾಯಿ ತೆರೆದ.

“ಕೆಮ್ಮಲೇ ಇಲ್ವಲ್ಲ” ಎಂದಳು. ಮೇಡಂ ಗಾಜಿನ ಈಚೆ ಬಂದು ಅವಳ ಪಕ್ಕ ನಿಂತರು.

“ಲಕ್ವ ಹೊಡೆದಾಗ ಕೆಲವರಿಗೆ ಗಂಟಲ ಒಳಗಿನ ಅರಿವೇ ಹೋಗಿಬಿಡುತ್ತೆ ಅಮ್ಮಾ. ತಪ್ಪಿ ಹೋಗಿದ್ದು ಅವರಿಗೇ ಗೊತ್ತಾಗಲ್ಲ. ಗೊತ್ತಾಗದೆ ಇದ್ರೆ ಕೆಮ್ಮು ಎಲ್ಲಿಂದ ಬರಬೇಕು?”

ಪರೀಕ್ಷೆ ಮುಗಿಸಿ, ಪಟ್ಟಿ ಬಿಚ್ಚಿ, ಮೇಡಂ ಅವನ ಎದುರಿಗೆ ಕೂತರು. ಕೇಳಲೇಬೇಕಾದ ಪ್ರಶ್ನೆಯನ್ನು ನೆಲ ನೋಡಿಕೊಂಡು ಕೇಳಿದರು. “ಮನೇಲಿ ಬಾಯಿಂದ ಏನಾದ್ರೂ ತಗೊಂಡ್ರಾ?”

ತುತ್ತಕ್ಕ ಬಾಯಿ ತೆರೆಯುವುದರೊಳಗೆ ಅವನು ತಲೆ ಆಡಿಸಿದ. ಇಲ್ಲ. ಎಡಗೈಯನ್ನೂ ಆಡಿಸಿದ. ಇಲ್ಲ, ಇಲ್ಲ. ಬಾಗಿಲಲ್ಲಿ ಇಬ್ಬರು ಹೊಸ ನರ್ಸ್ ಹುಡುಗಿಯರು ಗಾಲಿಕುರ್ಚಿ ಹಿಡಿದು ನಿಂತಿದ್ದರು. ಅವಳ ಬೆರಳು ನೋಡಿ ಕಲಿತವರೇ.

“ಕೊಟ್ಟೆ” ಎಂದಳು ತುತ್ತಕ್ಕ. “ಒಂಬತ್ತು ದಿನ ಕೊಟ್ಟೆ. ನಾನೇ ಕೊಟ್ಟೆ. ಅವರು ಸುಳ್ಳು ಹೇಳ್ತಿದಾರೆ.”

ಮೇಡಂ ಬೈಯದೆ ಅದನ್ನು ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಆ ಮಧ್ಯಾಹ್ನ ಅವಳು ಬಟ್ಟೆ ಒಗೆಯುವ ಕೋಣೆಯಲ್ಲಿ, ಮಾಸಿದ ಹಾಸಿಗೆ ಬಟ್ಟೆಗಳ ರಾಶಿಯ ಪಕ್ಕ ಕೂತಳು. ಎಣಿಸಬಾರದು ಎಂದುಕೊಂಡರೂ ಮನಸ್ಸು ಎಣಿಸತೊಡಗಿತು. ನಾಲ್ಕನೇ ಮಂಚದ ಮೇಷ್ಟ್ರು. ಎಷ್ಟು ಚೆಂದ ಉಣ್ಣುತ್ತಿದ್ದರು, ಒಂದು ಕೆಮ್ಮಿಲ್ಲ ಕ್ಯಾಕರಿಕೆಯಿಲ್ಲ. ವಾರಕ್ಕೆ ಜ್ವರ ಬಂದು ಹೋದರು. ವಯಸ್ಸಾಗಿತ್ತು ಎಂದಿದ್ದರು. ಬುಟ್ಟಿ ಹೆಣೆಯುತ್ತಿದ್ದ ಅಜ್ಜಿ. ಅವಳೂ ಕೆಮ್ಮುತ್ತಿರಲಿಲ್ಲ, “ನೀನು ಕೊಟ್ರೆ ಸಲೀಸಾಗಿ ಇಳಿಯುತ್ತೆ ಮಗಳೇ” ಎನ್ನುತ್ತಿದ್ದಳು. ಅವಳಿಗೂ ಜ್ವರವೇ. ಯಾರಿಗೆ ವಯಸ್ಸು, ಯಾರಿಗೆ ತನ್ನ ಚಮಚ, ಇನ್ನು ಯಾರನ್ನು ಕೇಳುವುದು?

ದೊಡ್ಡ ಸಿಸ್ಟರ್ ಹುಡುಕಿಕೊಂಡು ಬಂದು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ನೆಲದ ಮೇಲೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

“ನಮಗ್ಯಾರಿಗೂ ಗೊತ್ತಿರ್ಲಿಲ್ಲ ಕಣೇ. ಹುಡುಗೀರನ್ನ ನಿನ್ನ ಹತ್ರ ಕಳಿಸಿದ್ದು ನಾನೇ ತಾನೇ?”

“ಗೊತ್ತಿರೋರು ಬಂದು ಬೇಡ ಅಂದ್ರಲ್ಲ ಸಿಸ್ಟರ್. ಆಗಲೂ ಕೊಟ್ಟೆನಲ್ಲ.”

ಸಿಸ್ಟರ್ ರಾಶಿಯ ಬಟ್ಟೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದರು, ಅವಳೂ ಕೈ ಜೋಡಿಸಿದಳು.

ಮೂಗಿನ ನಳಿಕೆ ತೆಗೆದು, ಹೊಟ್ಟೆಗೇ ನೇರ ಸಣ್ಣ ತೂತು ಮಾಡಿ ನಳಿಕೆ ಇಡುವುದೆಂದು ಡಾಕ್ಟರು ಹೇಳಿದರು. ಅದಕ್ಕೆ ಮುನ್ನ ಮೇಡಂ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು. ಗಂಟಲಿಗೆ ಅರಿವು ಮರಳುವ ಭರವಸೆ ಕಮ್ಮಿ ಎಂದರು. ಆಮೇಲೆ ತುಸು ತಡೆದು, “ಹೊಟ್ಟೆಗೆ ನಳಿಕೆ ಇದ್ರೂ, ಅಪಾಯ ಗೊತ್ತಿದ್ದೂ, ಬಾಯಿರುಚಿಗೆ ಅಂತ ದಿನಕ್ಕೆ ಒಂದೆರಡು ಚಮಚ ತಗೊಳ್ಳೋರು ಇದಾರೆ. ಅದು ಅವರವರ ಇಷ್ಟ. ಎದೆಗೆ ಮತ್ತೆ ಕೀವು ಬರಬಹುದು, ಬಾರದೆಯೂ ಇರಬಹುದು. ನೀವೇ ಹೇಳಿ” ಎಂದರು.

ಅವಳು ಗಂಡನ ಮುಖ ನೋಡಿದಳು. ಬೇಕು ಎನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಎಂಟು ಚಹಾದ ಜೀವ. ಬೇಕು ಎಂದರೆ ತಾನು ಚಮಚ ಹಿಡಿಯಬೇಕು. ಅದನ್ನು ನೆನೆದೇ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಅವನು ಬಹಳ ಹೊತ್ತು ಮಾತಿಗಾಗಿ ತಡಕಾಡಿದ. “ಬೇ…ಡ” ಎಂದ.

“ಯಾಕೆ? ಯೋಚನೆ ಮಾಡಿ ಹೇಳಿ, ಅವಸರ ಇಲ್ಲ” ಎಂದರು ಮೇಡಂ.

ಅವನು ಹೆಂಡತಿಯ ಕಡೆ ಬೆರಳು ತೋರಿಸಿದ. “ಇವಳು… ಕೊಡ…ಬೇಕಾ…ಗುತ್ತೆ.”

ಅಷ್ಟು ಹೇಳುವುದರಲ್ಲಿ ಅವನ ಹಣೆ ಬೆವರಿತ್ತು. ಅವಳಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಓಣಿಯ ಕಿಟಕಿಯ ಸರಳು ಹಿಡಿದು ನಿಂತಳು. ಬೈಯದೆ, ದೂರದೆ, ಇನ್ನುಳಿದ ಜೀವಮಾನದ ತುತ್ತನ್ನೆಲ್ಲ ಅವನು ಅವಳ ಕೈ ಉಳಿಸಲು ಬಿಟ್ಟುಕೊಟ್ಟಿದ್ದ.

ರಜೆ ಮುಂದುವರಿಸಿ ಮನೆಗೆ ಬಂದ ಮೇಲೆ ಅವಳಿಗೆ ಅನ್ನ ಸೇರದಾಯಿತು. ಅವನೆದುರು ತಟ್ಟೆ ಹಿಡಿಯುವುದು ಹೇಗೆ? ಅವನಿಗೆ ನಳಿಕೆಯಲ್ಲಿ ಹುಯ್ದು, ಮುಖ ಒರೆಸಿ, ಹಿತ್ತಿಲ ಬಾಗಿಲ ಆಚೆ, ಒಗೆಯುವ ಕಲ್ಲಿನ ಮೇಲೆ ಕೂತು ಕದ್ದು ತಿನ್ನುವವಳ ಹಾಗೆ ಎರಡು ತುತ್ತು ಹಾಕಿಕೊಳ್ಳುವಳು. ಅಗಿದದ್ದು ಬಾಯಲ್ಲೇ ಸುತ್ತುವುದು. ನೀರು ಕುಡಿದು ದೂಡಿದರೂ ಗಂಟಲ ಬಾಗಿಲಲ್ಲಿ ನಿಲ್ಲುವುದು. ಎಷ್ಟೋ ಸಲ ಕಾಗೆಗೆ ಹಾಕಿ ಎದ್ದು ಬಂದಳು. ಮೂರು ವಾರದಲ್ಲಿ ರವಿಕೆ ಸಡಿಲವಾಯಿತು.

ಒಂದು ಮಧ್ಯಾಹ್ನ ಅವಳು ತಟ್ಟೆ ಹಿಡಿದು ಹಿತ್ತಿಲಿಗೆ ಹೊರಟಾಗ ಒಳಗೆ ಮಂಚದ ಸರಳಿಗೆ ಲೋಟ ಬಡಿಯುವ ಸದ್ದಾಯಿತು. ಓಡಿಬಂದಳು. ಅವನು ಎಡಗೈಯಲ್ಲಿ ಲೋಟ ಹಿಡಿದು, ಸಿಟ್ಟಿನಿಂದ ಮುಖ ಕೆಂಪು ಮಾಡಿಕೊಂಡು, ಮಂಚದ ಎದುರಿನ ಸ್ಟೂಲನ್ನು ತೋರಿಸುತ್ತಿದ್ದ.

“ಇಲ್ಲಿ… ಕೂ…ತ್ಕೋ. ತಿ…ನ್ನು.”

“ನಿಮ್ಮೆದುರಿಗೆ ನಾನು ಹೇಗ್ರೀ ತಿನ್ಲಿ?”

“ಬಾಯಿ… ಮು…ಚ್ಕೊಂಡು.”

ಅವಳು ನಕ್ಕಳು, ಅತ್ತಳು, ಕೂತಳು. ಮೊದಲ ತುತ್ತನ್ನು ಎಷ್ಟು ಅಗಿದರೂ ಇಳಿಯಲಿಲ್ಲ. ಅವನು ಅವಳ ಬಾಯಿಂದ ಕಣ್ಣು ತೆಗೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಇಳಿಯಿತು. ಆಗ ಅವನು ಕೇಳಿದ, “ಉಪ್ಪು?”

“ಕಮ್ಮಿಯಾಗಿದೆ.”

“ಹಾ…ಕ್ಕೋ.”

ಅಂದಿನಿಂದ ಅದೇ ರೂಢಿಯಾಯಿತು. ಅವಳು ಅವನೆದುರು ಕೂತು ಉಣ್ಣುವಳು. ಅವನು ಕೇಳುವನು, ಅವಳು ಹೇಳುವಳು. ಹುಳಿ ಮುಂದಾಗಿದೆ. ಬೇಳೆ ಸರಿಯಾಗಿ ಬೆಂದಿಲ್ಲ. ಇವತ್ತಿನ ಚಹಾ ನಿಮ್ಮ ಅಂಗಡಿ ಪಕ್ಕದವನದರ ಹಾಗೆ ಬರೀ ನೀರು. ಹೇಳಲೇಬೇಕಾದ್ದರಿಂದ ರುಚಿ ನೋಡಲೇಬೇಕಾಯಿತು. ರುಚಿ ನೋಡಿದ್ದು ಇಳಿಯಲೇಬೇಕಾಯಿತು. ಅವನು ಕಣ್ಣು ಮುಚ್ಚಿ ಕೇಳುವನು. ಬಲಗಡೆಯ ಸತ್ತ ತುಟಿಯ ತುದಿಯಲ್ಲಿ ಜೊಲ್ಲು ಒಸರುವುದು, ಅವಳು ಒರೆಸುವಳು. ಆ ಜೊಲ್ಲೂ ತಪ್ಪಿ ಮುಂದಿನ ದಾರಿಗೆ ಇಳಿಯುತ್ತದೆ, ಅದನ್ನು ನಿಲ್ಲಿಸಲು ಯಾರಿಂದಲೂ ಆಗದು ಎಂದು ಮೇಡಂ ಮೊದಲೇ ಹೇಳಿದ್ದರು.

ಹಾಗೆ ಐದು ತಿಂಗಳು ಕಳೆಯಿತು. ನಡುವೆ ಎರಡು ಸಲ ಜ್ವರ ಬಂದು ಹೋಯಿತು. ಪ್ರತಿ ಸಲವೂ ಅವನು ಇನ್ನಷ್ಟು ಸಣ್ಣಗಾಗಿ ಉಳಿದ. ಕೊನೆಗೆ ಮಾತು ಪೂರ್ತಿ ನಿಂತಿತು. ಎಡಗೈಯ ಬೆರಳೊಂದು ಎದ್ದರೆ ಉಪ್ಪು ಹೇಗಿದೆ ಎಂದು ಕೇಳಿದಂತೆ.

ಮೂರನೇ ಜ್ವರದ ನಾಲ್ಕನೇ ದಿನ, ಮಧ್ಯಾಹ್ನ, ಮಗಳು ಔಷಧಿ ತರಲು ಹೋಗಿದ್ದಳು. ತುತ್ತಕ್ಕ ಸ್ಟೂಲಿನಲ್ಲಿ ಕೂತು ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟುಕೊಂಡಳು. ಅವನ ಬೆರಳು ಏಳಲಿಲ್ಲ. ನಿದ್ದೆ ಇರಬೇಕು ಎಂದುಕೊಂಡು ಉಪ್ಪಿನ ಮಾತನ್ನು ತಾನೇ ಹೇಳಿದಳು, ಬಾಯಲ್ಲಿ ತುತ್ತಿಟ್ಟುಕೊಂಡೇ, “ಇವತ್ತು ಸರಿಯಾಗಿದೆ ಕಣ್ರೀ.” ಹೇಳಿ, ಅವನ ಎದೆಯ ಕಡೆ ನೋಡಿದಳು. ಉಸಿರಿನ ಗರಗಸದ ಸದ್ದು ನಿಂತಿತ್ತು. ಹೊದಿಕೆ ಅಲುಗುತ್ತಿರಲಿಲ್ಲ.

ಅವಳು ತಟ್ಟೆಯನ್ನು ನೆಲಕ್ಕಿಟ್ಟಳು. ಎಡಗೈಯಿಂದ ಅವನ ಕೈ ಹಿಡಿದುಕೊಂಡಳು, ಇನ್ನೂ ಬೆಚ್ಚಗಿತ್ತು. ಬಾಯಲ್ಲಿ ತುತ್ತಿತ್ತು. ಉಗುಳಬೇಕೆಂದರೆ, ಅವನಿಗೆ ರುಚಿ ಹೇಳಿದ ಅನ್ನ. ನುಂಗಬೇಕೆಂದರೆ ನುಂಗುವುದು ಹೇಗೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಹಾಗೇ ಕೂತಳು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಪಕ್ಕದ ಮನೆಯ ನಲ್ಲಿಯಲ್ಲಿ ನೀರು ಬಂದು ಕೊಡ ತುಂಬಿ ಚೆಲ್ಲುವ ಸದ್ದು ಕೇಳಿಸಿತು.

ಎಷ್ಟೋ ಹೊತ್ತಿನ ಮೇಲೆ, ಅವಳು ಏನನ್ನೂ ಮಾಡದೆ, ಆ ತುತ್ತು ತಾನಾಗಿ ಇಳಿದುಹೋಯಿತು.